ಬಲೆಗಡ್ಡೆ ಎರಡನೆಯ ಸಲ ಹೂ ಬಿಟ್ಟ ವರ್ಷ

ಮೊನ್ನೆ ವಾಶಿಯ ಮಾಲ್‌ನಲ್ಲಿ ಗಿಡ ಮಾರುವ ಅಂಗಡಿಯ ಮುಂದೆ ಅದಿತಿ ನಿಂತುಬಿಟ್ಟಳು. ಗಾಜಿನ ಆಚೆ ಎಸಿಯ ತಂಪಿನಲ್ಲಿ, ಅಂಗೈಯಗಲದ ಕುಂಡದಲ್ಲಿ ಮೂರು ನೇರಳೆ ಹೂಗಳು. ಗೇಣುದ್ದವೂ ಇಲ್ಲದ ಗಿಡ. ಕೆಳಕ್ಕೆ ಬಾಗಿದ ಪ್ರತಿ ಎಸಳಿನ ನಡುವೆ ಯಾರೋ ಅರಸಿನದಲ್ಲಿ ಎಳೆದಂತಹ ಒಂದು ಗೆರೆ.

"ಅಜ್ಜೀ, ದೇಖೋ, ಆಪ್‌ಕಾ ಫೂಲ್," ಎಂದಳು ಅದಿತಿ. ತಂಗಿ ತನ್ವಿಗೆ ಅರ್ಥವಾಗಲಿಲ್ಲ. ಅಜ್ಜಿಯ ಹೂವು ಹೇಗಾಯಿತು ಎಂದು ಕೇಳಿದಳು. "ಅರೇ, ನೀನು ಆಗ ಹುಟ್ಟಿರಲೇ ಇಲ್ಲ. ಡೊಂಬಿವಲಿಯಲ್ಲಿ ಯಾರಿಗೂ ಬರಲಿಲ್ಲ ಇದು, ಅಜ್ಜಿಗೆ ಮಾತ್ರ ಎರಡು ಸಲ ಬಂತು. ಅಜ್ಜಿ ಸ್ಟೇಜ್ ಮೇಲೆ ಭಾಷಣ ಮಾಡಿದ್ರು," ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಅಂಗಡಿಯ ಹುಡುಗಿ ನನ್ನನ್ನು ನೋಡಿ ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಮಕ್ಕಳೇ, ನಾನು ಮಾತಿನವಳಲ್ಲ. ಕಾರ್ಕಳದ ಹತ್ತಿರ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಬೆಂಚಿನ ಕೆಳಗೆ ನೋಡುತ್ತಿದ್ದೆ. ಆದರೆ ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಆ ಒಂದು ವರ್ಷದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಅದು ನನ್ನ ಹೂವಾಗಿರಲಿಲ್ಲ.

ನಾವು ಆಗ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯ ಒಂದು ಹಳೆಯ ಸೊಸೈಟಿಯಲ್ಲಿದ್ದೆವು. ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಅವರು ಸ್ಟೇಷನ್ ಎದುರಿನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಇಪ್ಪತ್ತೆಂಟು ವರ್ಷ ಕೂತವರು. ಅವರು ಹೋದ ಮೇಲೆ ನನ್ನ ದಿನ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ನಿಮ್ಮ ಅಪ್ಪ ಅಮ್ಮ ಇಬ್ಬರೂ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಠಾಣೆಗೆ ಕೆಲಸಕ್ಕೆ ಹೋಗುತ್ತಿದ್ದರು. ಬಾಲ್ಕನಿಯಲ್ಲಿ ತುಳಸಿ, ಒಂದು ಅಬ್ಬಲಿಗೆ, ಬಸಳೆಯ ಚಪ್ಪರ. ಅಷ್ಟೇ ನನ್ನ ತೋಟ.

ಕೆಳಗಿನ ಮಹಡಿಯಲ್ಲಿ ದೇಶಪಾಂಡೆ ಟೀಚರ್ ಇದ್ದರು. ಧಾರವಾಡದ ಕಡೆಯವರು. ಕಲ್ಯಾಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು, ಸೊಸೈಟಿಯ ಮಹಿಳಾ ಮಂಡಳದ ಕಾರ್ಯದರ್ಶಿಯೂ ಅವರೇ. ಇಡೀ ಕಟ್ಟಡದಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತನಾಡುವ ಹೊರಗಿನವರು ಅವರೊಬ್ಬರೇ. ಸಂಜೆ ಐದಕ್ಕೆ ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದರು. "ಏನ್ರೀ ಗಿರಿಜಕ್ಕ, ಮತ್ತ ಮೂಲ್ಯಾಗ ಕುಂತೀರಿ? ಗ್ವಾಡಿಗೆ ಆನಿಕಿ ಆಗೀರೇನು?" ಎಂದು ಶುರುಮಾಡಿದರೆ ನಾನು ನಗುವವರೆಗೂ ಬಿಡುತ್ತಿರಲಿಲ್ಲ. ನನಗೆ ಆ ವಯಸ್ಸಿನಲ್ಲಿ ಸಿಕ್ಕ ಗೆಳತಿ. ಅದಕ್ಕೇ ಇದನ್ನೆಲ್ಲ ಬರೆಯಲು ಇಷ್ಟು ವರ್ಷ ಕೈ ಬರಲಿಲ್ಲ.

ಒಂದು ದಸರೆಯ ಹೊತ್ತಿಗೆ ಅವರು ಠಾಣೆಯ ಹೂವಿನ ಪ್ರದರ್ಶನಕ್ಕೆ ಹೋಗಿ, ಹಿಮಾಚಲದಿಂದ ಬಂದಿದ್ದ ಒಬ್ಬ ನರ್ಸರಿಯವನ ಹತ್ತಿರ ಹತ್ತು ಗಡ್ಡೆ ತಂದರು. ಐದನ್ನು ನನ್ನ ಅಂಗೈಯಲ್ಲಿ ಹಾಕಿದರು. ಒಂಟಿ ಬೆಳ್ಳುಳ್ಳಿಯಷ್ಟು ಗಾತ್ರ. ಮೈತುಂಬ ಕಂದು ಬಣ್ಣದ ಬಲೆ. ತೆಂಗಿನ ಗರಿಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿರುತ್ತದಲ್ಲ ಜಾಳುಜಾಳಾದ ನಾರು, ಥೇಟ್ ಅದೇ, ಗೊಂಬೆಗೆ ಹೊಲಿದ ಅಂಗಿಯಷ್ಟು ಸಣ್ಣದು. "ಗಿಡ್ಡ ಐರಿಸ್ ಅಂತಾರ ಇದಕ್ಕ," ಎಂದರು ಟೀಚರ್. ನಾನು ಬಲೆಗಡ್ಡೆ ಎಂದು ಕರೆದೆ.

ಇದು ಹಿಮ ಬೀಳುವ ಬೆಟ್ಟದ ಗಡ್ಡೆ. ಹನ್ನೆರಡು ವಾರ ಚಳಿ ತಿನ್ನದೆ ಹೂ ಬಿಡುವುದಿಲ್ಲ. ಡೊಂಬಿವಲಿಯಲ್ಲಿ ಆ ಚಳಿ ಇರುವುದು ಫ್ರಿಜ್‌ನಲ್ಲಿ ಮಾತ್ರ. ಆದ್ದರಿಂದ ಐಸ್‌ಕ್ರೀಮಿನ ಡಬ್ಬಕ್ಕೆ ತೂತು ಕೊರೆದು, ಮರಳು ಮಣ್ಣು ತುಂಬಿ, ಗಡ್ಡೆ ಹೂತು, ಸ್ವಲ್ಪವೇ ಪಸೆ ಇಟ್ಟು, ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಇಡಬೇಕು. ಜೊತೆಗೆ ಟೀಚರ್ ಇನ್ನೊಂದು ಮಾತು ಹೇಳಿದರು. ಹಣ್ಣಾಗುವ ಹಣ್ಣು, ಅದರಲ್ಲೂ ಸೇಬು ಬಾಳೆ, ಫ್ರಿಜ್‌ನಲ್ಲಿ ಇರಕೂಡದು. ಹಣ್ಣಿನಿಂದ ಬರುವ ಗಾಳಿಗೆ ಗಡ್ಡೆಯೊಳಗಿನ ಮೊಗ್ಗು ಹುಟ್ಟುವ ಮೊದಲೇ ಸಾಯುತ್ತದಂತೆ.

ನಿಮ್ಮ ಅಮ್ಮ ಸವಿತಾ ಫ್ರಿಜ್ ತೆರೆದು ಸೊಂಟಕ್ಕೆ ಕೈಯಿಟ್ಟು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಅತ್ತೆ, ದೋಸೆ ಹಿಟ್ಟು ಎಲ್ಲಿ ಇಡೂದು? ಇದು ಎಂತ, ಮಣ್ಣಿಗೆ ಕೂಡ ಜ್ವರ ಬಂದಿದಾ?" ಎಂದಳು. ಆದರೂ ಮೂರು ತಿಂಗಳು ಸೇಬನ್ನು ಬುಟ್ಟಿಯಲ್ಲಿ ಹೊರಗೇ ಇಟ್ಟಳು. ಜನವರಿ ಕೊನೆಗೆ ಐದೂ ಹೂ ಬಿಟ್ಟವು. ವಾರ ಇದ್ದವು. ಮೂಗು ತೀರ ಹತ್ತಿರ ಇಟ್ಟರೆ ಸಣ್ಣ ಸಿಹಿ ವಾಸನೆ. ಟೀಚರ್ ಮನೆಯಲ್ಲೂ ಐದು ಬಿಟ್ಟವು.

ಹೂ ಬಾಡಿದ ಮೇಲೆ ಅವರು ತಮ್ಮ ಡಬ್ಬವನ್ನು ಕಸದ ಬುಟ್ಟಿಗೆ ಮಗುಚಿದರು. "ಎರಡನೇ ಸಲ ಬರೂದಿಲ್ರೀ ಇದು. ಬೆಟ್ಟದಾಗಾದ್ರ ಬರ್ತದ, ನಮ್ಮ ಈ ಬೆವರಿನ ಊರಾಗ ಅಲ್ಲ. ಮುಂದಿನ ವರ್ಷ ಹೊಸಾವು ತಂದ್ರಾತು," ಎಂದರು.

ಬೀಜ ಎಸೆಯುವ ಮನೆಯಿಂದ ಬಂದವಳಲ್ಲ ನಾನು. ನನ್ನ ಅಮ್ಮ ಸೌತೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡುತ್ತಿದ್ದಳು. ಅರಸಿನದ ಗಡ್ಡೆ, ಶುಂಠಿಯ ಗಡ್ಡೆಗಳನ್ನು ಗಾಳಿಯಾಡುವ ಬುಟ್ಟಿಯಲ್ಲಿ ಕಾಯುತ್ತಿದ್ದಳು. ಗಡ್ಡೆ ಮಲಗುವುದು ಬೇರೆ, ಸಾಯುವುದು ಬೇರೆ ಎಂದು ನನಗೆ ಕಲಿಸಿಕೊಡಬೇಕಾಗಿರಲಿಲ್ಲ. ನಾನು ಆ ಎಲೆಗಳನ್ನು ಬಿಟ್ಟುಕೊಂಡೆ. ಹೂ ಹೋದ ಮೇಲೆ ಅವು ಮೊಳದುದ್ದ ಬೆಳೆದವು. ನಾಲ್ಕು ಮೂಲೆಯ, ಕಡ್ಡಿಯಂತಹ ಎಲೆ. ಊರಿನಿಂದ ತಂದಿಟ್ಟಿದ್ದ ಸೌದೆಯ ಬೂದಿ ಕದಡಿದ ತಿಳಿನೀರು ಹಾಕಿದೆ. ಏಪ್ರಿಲ್‌ಗೆ ಎಲೆ ತಾನಾಗಿ ಹಳದಿಯಾದ ಮೇಲೆ ಅಗೆದು ನೋಡಿದರೆ ಐದು ಗಡ್ಡೆ ಒಡೆದು ಹತ್ತಾಗಿತ್ತು. ಮೂರು ಮಧ್ಯಮ ಗಾತ್ರದವು, ಏಳು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡವು.

ಎದುರಿಗಿದ್ದದ್ದು ಮಳೆಗಾಲ. ಬೆಟ್ಟದಲ್ಲಿ ಈ ಗಡ್ಡೆಗೆ ಬೇಸಿಗೆಯೆಲ್ಲ ಒಣ ಬಿಸಿಲು ಬೇಕು. ನಮ್ಮಲ್ಲೋ ಜೂನ್‌ನಿಂದ ಗೋಡೆಯೂ ಬೆವರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ನಾಲ್ಕು ತಿಂಗಳು ಒಣಗಿರುವ, ಬೆಚ್ಚಗಿರುವ ಜಾಗ ಇಡೀ ಡೊಂಬಿವಲಿಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ. ನಿಮ್ಮ ಅಜ್ಜನ ಹೋಟೆಲಿನ ಅಡುಗೆಮನೆ. ಅಲ್ಲಿ ನೀರು ಕಾಯಿಸಲು ಆಗಲೂ ಒಂದು ಸೌದೆಯ ಭಟ್ಟಿ ಇತ್ತು, ಅದರ ಮೇಲ್ಭಾಗದಲ್ಲಿ ಹಪ್ಪಳದ ಡಬ್ಬಗಳನ್ನು ಇಡುವ ಅಟ್ಟ.

ಅವರು ತೀರಿಕೊಂಡ ಮೇಲೆ ನಾನು ಆ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಗಲ್ಲೆಯಲ್ಲಿ ಬೇರೆಯವರು ಕೂತದ್ದನ್ನು ನೋಡಲಾಗದೆ ಆ ರಸ್ತೆಯಲ್ಲೇ ಹೋಗುತ್ತಿರಲಿಲ್ಲ. ಅಂದು ಹಿಂಬಾಗಿಲಿನಿಂದ ಹೋದೆ. ಅಡುಗೆಯ ವಾಸು ಭಟ್ಟರು ನನ್ನನ್ನು ಕಂಡು ಸೌಟು ಬಿಟ್ಟು ಬಂದರು.

"ಎಂತ ಅಕ್ಕಾ ಇದು, ಬೆಳ್ಳುಳ್ಳಿಯಾ? ನಮ್ಮ ಭಟ್ಟಿಯ ಮೇಲೆ ಬೆಳ್ಳುಳ್ಳಿ ಇಟ್ಟರೆ ಶೇಟ್ರು ನನ್ನನ್ನೇ ಹುರೀತಾರೆ."

"ಬೆಳ್ಳುಳ್ಳಿ ಅಲ್ಲ. ಹೂವಿನ ಗಡ್ಡೆ."

"ಹೂವಾ? ದೇವರಿಗೆ ಏರ್ತದಾ?"

"ಗೊತ್ತಿಲ್ಲ. ಮೊದಲು ಬರಲಿ."

ಅವರು ಭಟ್ಟಿಯ ಬೂದಿಯನ್ನೇ ಜರಡಿ ಹಿಡಿದು ಕೊಟ್ಟರು. ಹತ್ತು ಗಡ್ಡೆಗಳನ್ನು ಅದರಲ್ಲಿ ಹೊರಳಿಸಿ, ನಿಮ್ಮ ಅಜ್ಜನ ಹಳೆಯ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ ಅಟ್ಟದ ಮೊಳೆಗೆ ನೇತುಹಾಕಿದೆವು. ಆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡೆ ಹಿಡಿದು, ಸೀರೆ ಎತ್ತಿ, ಕೊಚ್ಚೆ ದಾಟಿ ಹೋಗಿ ಗಂಟು ಬಿಚ್ಚಿ ನೋಡಿ ಬರುತ್ತಿದ್ದೆ. ಭಟ್ಟರು ಚಹಾ ಕೊಡುತ್ತಿದ್ದರು. ನಿಮ್ಮ ಅಜ್ಜನ ಮಾತು ಬರುತ್ತಿತ್ತು. ಅವರಿಗೆ ಸಿಟ್ಟು ಬಂದರೆ ಗಲ್ಲೆಯಲ್ಲಿ ಕೂತು ಸೋಂಪು ಜಗಿಯುತ್ತಿದ್ದರಂತೆ, ಅದು ನನಗೆ ಆವರೆಗೆ ಗೊತ್ತಿರಲಿಲ್ಲ. ಮೂರು ವರ್ಷ ಮುಚ್ಚಿದ್ದ ಒಂದು ದಾರಿ ಆ ಹತ್ತು ಗಡ್ಡೆಗಳಿಂದ ತೆರೆಯಿತು. ಒಂದೂ ಕೊಳೆಯಲಿಲ್ಲ.

ಅಕ್ಟೋಬರಿನಲ್ಲಿ ಅವನ್ನು ಇಳಿಸಿದೆ. ಡಬ್ಬಕ್ಕೆ ಮರಳು, ಕೆಂಪು ಮಣ್ಣು, ಭಟ್ಟಿಯ ಇದ್ದಿಲ ಚೂರು ಬೆರೆಸಿ ತುಂಬಿದೆ. ನಡುವೆ ಮೂರು ದೊಡ್ಡವು, ಸುತ್ತ ಉಂಗುರದಂತೆ ಏಳು ಸಣ್ಣವು. ಸ್ವಲ್ಪ ಆಳಕ್ಕೇ ಇಟ್ಟೆ, ಮೇಲೆ ಇಟ್ಟರೆ ಇನ್ನೂ ಒಡೆದು ಪುಡಿಯಾಗುತ್ತವೆ ಎಂದು ಟೀಚರೇ ಪುಸ್ತಕ ನೋಡಿ ಹೇಳಿದ್ದರು. ಅದೇ ವಾರ ಅವರು ಪ್ರದರ್ಶನದಿಂದ ಐದು ಹೊಸ ಗಡ್ಡೆ ತಂದು ತಮ್ಮ ಫ್ರಿಜ್‌ನಲ್ಲಿಟ್ಟರು. "ನೋಡೋಣ್ರೀ, ನನ್ನ ಹೊಸಾವು ಮುಂದೋ, ನಿಮ್ಮ ಹಳೇವು ಮುಂದೋ," ಎಂದು ನಕ್ಕರು. ನಾನು ಒಳಗೊಳಗೇ ಆ ಪಂದ್ಯ ಒಪ್ಪಿಕೊಂಡೆ. ಜೀವನದಲ್ಲಿ ನಾನಾಗಿ ಯೋಚಿಸಿ, ಯಾರನ್ನೂ ಕೇಳದೆ ಮಾಡಿದ ಮೊದಲ ಕೆಲಸ ಅದು. ಹೂ ಬರುತ್ತದೋ ಇಲ್ಲವೋ ಎಂದು ತಿಳಿಯಬೇಕಿತ್ತು, ಅಷ್ಟೇ. ಬಾರದಿದ್ದರೆ ಎಲ್ಲಿ ತಪ್ಪಿತು ಎಂದು ನೋಡಿ, ಇನ್ನೊಂದು ವರ್ಷ ಹಾಕುವ ಧೈರ್ಯವೂ ಇತ್ತು.

ಡಿಸೆಂಬರ್ ಕೊನೆಗೆ ಊರಿನಲ್ಲಿ ನನ್ನ ತಮ್ಮ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಹದಿನೈದು ದಿನಕ್ಕೆ ನಾನು ಹೊರಟೆ. ಡಬ್ಬವನ್ನು ಫ್ರಿಜ್‌ನಿಂದ ತೆಗೆದು ಹೊರಗಿಡುವ ಸಮಯವೂ ಅದೇ ಆಗಿತ್ತು. ಸವಿತಾಳಿಗೆ ಹೇಳಿದೆ, ಟೀಚರಿಗೂ ಹೇಳಿದೆ. "ನೀವು ಆರಾಮಾಗಿ ಹೋಗ್ಬರ್ರಿ, ನಾ ಇಲ್ಲೇನು?" ಎಂದರು.

ಹಿಂದಿರುಗಿದಾಗ ಡಬ್ಬ ಬಾಲ್ಕನಿಯಲ್ಲಿತ್ತು. ಇದ್ದಿಲ ಚೂರಿನ ನಡುವೆ ಐದು ಮೊಳಕೆ, ದಪ್ಪಗೆ, ಮೊನೆಯಲ್ಲಿ ಬಿಳಿಯ ಪೊರೆ. ನಾನು ಪ್ರಯಾಣದ ಚೀಲ ಕೆಳಗಿಡದೆ ಅಲ್ಲೇ ಕೂತೆ. ಮೂರು ಬರಬಹುದೆಂದು ಎಣಿಸಿದ್ದೆ. ಸಣ್ಣವುಗಳಲ್ಲೂ ಎರಡು ಎದ್ದಿವೆ ಎಂದುಕೊಂಡೆ. ಸವಿತಾ ಹಿಂದಿನಿಂದ, "ನಿಮ್ಮ ಕೈಗುಣ ಅತ್ತೆ," ಎಂದಳು.

ಜನವರಿ ಮುಗಿಯುವ ಮೊದಲು ಐದೂ ಅರಳಿದವು. "ನನ್ನವು ಏಳಲೇ ಇಲ್ರೀ, ಪಂದ್ಯ ನೀವೇ ಗೆದ್ರಿ," ಎಂದರು ಟೀಚರ್. ಭಟ್ಟರಿಗೆ ತೋರಿಸಲು ಒಂದು ಹೂ ಕೊಯ್ದು ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ, "ಐದು ಬಂತಾ ಅಕ್ಕಾ? ಆ ಹೆಸರುಕಾಳಿನಂಥದ್ದೂ ಹೂ ಬಿಟ್ಟಿತಾ?" ಎಂದರು. ಅವರಿಗೆ ಆಶ್ಚರ್ಯ. ನನಗೆ ಹೆಮ್ಮೆ. ಹೆಮ್ಮೆಯಲ್ಲಿ ಆ ಪ್ರಶ್ನೆ ಕಿವಿಯ ಒಳಗೆ ಇಳಿಯಲಿಲ್ಲ.

ಅದು ಹಳದಿ-ಕುಂಕುಮದ ಕಾಲ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿಯ ಹೆಂಗಸರು ಒಬ್ಬರನ್ನೊಬ್ಬರು ಕರೆದು ಅರಸಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಕೈಗೊಂದು ಸಣ್ಣ ಉಡುಗೊರೆ ಇಡುತ್ತಾರೆ. ಮುತ್ತೈದೆಯರ ಹಬ್ಬ. ನಾನು ಮೂರು ವರ್ಷದಿಂದ ಆ ದಿನಗಳಲ್ಲಿ ಲಿಫ್ಟ್ ಹತ್ತುತ್ತಿರಲಿಲ್ಲ. ರೇಷ್ಮೆ ಸೀರೆಯವರು ಎದುರಾದರೆ ಅವರಿಗೂ ಮುಜುಗರ, ನನಗೂ ಮುಜುಗರ. ಆ ವರ್ಷ ಟೀಚರ್ ಬಂದು, "ಮಂಡಳದ ಕಾರ್ಯಕ್ರಮಕ್ಕ ನೀವು ಬರಬೇಕು. ಕುಂಕುಮಕ್ಕಲ್ಲ, ಮಾತಾಡ್ಲಿಕ್ಕ. ಈ ಹೂವು ಎರಡನೇ ಸಲ ಹೆಂಗ ತರಿಸಿದ್ರಿ ಅಂತ ನಾಕು ಮಾತು ಹೇಳ್ರಿ," ಎಂದರು.

"ನನ್ನಿಂದ ಆಗೂದಿಲ್ಲ ಟೀಚರ್."

"ಆಗ್ತದ. ನಿಮ್ಮ ಮಾತಿಗೆ ಅಲ್ಲ, ನಿಮ್ಮ ಕೆಲಸಕ್ಕ ಕರ್ಯಾಕತ್ತೇನಿ."

ಆ ಮಾತಿಗೆ ನಾನು ಒಪ್ಪಿದೆ. ಕೆಲಸಕ್ಕೆ ಎಂದರಲ್ಲ. ಅದು ಯಾರ ದಯೆಯೂ ಅಲ್ಲ ಎಂದು ಅನ್ನಿಸಿತು.

ಸೊಸೈಟಿಯ ಹಾಲ್‌ನಲ್ಲಿ ನಲವತ್ತು ಮಂದಿ. ಡಬ್ಬಕ್ಕೆ ಟೀಚರ್ ಬಣ್ಣದ ಕಾಗದ ಸುತ್ತಿ ಮೇಜಿನ ಮೇಲೆ ಇಟ್ಟಿದ್ದರು. ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಎಲೆ ಕೀಳಬೇಡಿ, ತಾನಾಗಿ ಒಣಗಲಿ. ಗಡ್ಡೆಗೆ ಬೂದಿ ಬಳಿಯಿರಿ. ಮಳೆಗಾಲದಲ್ಲಿ ಬೆಂಕಿಯ ಮೇಲ್ಗಡೆ ಒಣ ಜಾಗದಲ್ಲಿ ತೂಗುಹಾಕಿ. ಆಮೇಲೆ ಚಳಿ ಕೊಡಿ, ಹತ್ತಿರ ಹಣ್ಣು ಇಡಬೇಡಿ. ಮೊದಲು ನಡುಗುತ್ತಿದ್ದ ಸ್ವರ ಭಟ್ಟಿಯ ಅಟ್ಟಕ್ಕೆ ಬರುವ ಹೊತ್ತಿಗೆ ನೆಟ್ಟಗಾಯಿತು. ಎರಡನೆಯ ಮಹಡಿಯ ನಲಿನಿ, ಬಾಯಿ ಜೋರಿನ ಹೆಂಗಸು, ಎದ್ದು ನಿಂತು, "ಮಾವಶಿ, ನಮ್ಮ ಮನೆಯವರನ್ನೂ ನಾಲ್ಕು ತಿಂಗಳು ಬೂದಿ ಬಳಿದು ಅಟ್ಟದ ಮೇಲೆ ಕಟ್ಟಿದರೆ ಮತ್ತೆ ಅರಳುತ್ತಾರಾ?" ಎಂದು ಕೇಳಿದಳು. ಹಾಲ್ ಬಿದ್ದು ಬಿದ್ದು ನಕ್ಕಿತು. ಮರುಕ್ಷಣ ನನ್ನ ಹಣೆ ನೋಡಿ ನಲಿನಿ ನಾಲಗೆ ಕಚ್ಚಿಕೊಂಡಳು. "ಚಳಿಯನ್ನೂ ಕೊಡಬೇಕು, ಬರೀ ಅಟ್ಟ ಸಾಲದು," ಎಂದೆ ನಾನು. ಆ ಮಾತು ಎಲ್ಲಿಂದ ಬಂತೋ. ಇನ್ನೂ ಜೋರಾಗಿ ನಕ್ಕರು. ಯಾರೋ ನನ್ನ ಕೈಗೂ ಎಳ್ಳುಂಡೆ ಇಟ್ಟರು. ಆ ಸಂಜೆ ಮೆಟ್ಟಿಲು ಹತ್ತುವಾಗ ನಾನು ಗೋಡೆಯ ಬದಿಗೆ ಸರಿಯಲಿಲ್ಲ.

ಆಮೇಲೆ ಏಳು ಹೆಂಗಸರು ಬಂದು ಮತ್ತೆ ಮತ್ತೆ ಕೇಳಿ ಬರೆದುಕೊಂಡು ಹೋದರು. ಅವರಲ್ಲಿ ಕೆಲವರ ಮನೆಯಲ್ಲಿ ಪ್ರದರ್ಶನದಿಂದ ತಂದ ಗಡ್ಡೆಗಳಿದ್ದವು. ಬೂದಿಗೆ ಎಲ್ಲಿ ಹೋಗುವುದು ಎಂದರೆ ನಾನೇ ಭಟ್ಟರಿಂದ ತರಿಸಿ ಪೊಟ್ಟಣ ಕಟ್ಟಿ ಕೊಟ್ಟೆ.

ಏಪ್ರಿಲ್‌ನಲ್ಲಿ ಎಲೆ ಹಳದಿಯಾಯಿತು. ಒಂದು ಭಾನುವಾರ ಬೆಳಿಗ್ಗೆ ಪೇಪರ್ ಹಾಸಿ ಡಬ್ಬವನ್ನು ಮಗುಚಿದೆ. ಆರು ವರ್ಷದ ಅದಿತಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

ಮೇಲಿನ ಒಂದು ಬೆರಳು ದಪ್ಪಕ್ಕೆ ನನ್ನ ಇದ್ದಿಲು. ಅದರ ಕೆಳಗೆ ನನ್ನ ಮಣ್ಣಲ್ಲ. ತೆಂಗಿನ ನಾರಿನ ಪುಡಿ, ಅದರಲ್ಲಿ ಥರ್ಮಾಕೋಲಿನಂತಹ ಬಿಳಿ ಕಾಳು. ಟೀಚರ್ ನರ್ಸರಿಯಿಂದ ತರಿಸುವ ಚೀಲದ ಮಣ್ಣು. ಗಡ್ಡೆಗಳು ಐದು ಕಡೆ, ಐದು ಗುಂಪು. ನಡುವೆ ಮೂರು, ಸುತ್ತ ಏಳು ಇಟ್ಟವಳು ನಾನು. ಬೆರಳಿನಿಂದ ಇನ್ನೊಮ್ಮೆ ಕೆದಕಿದೆ. ಬೂದಿಯ ಒಂದು ಕಣವೂ ಸಿಗಲಿಲ್ಲ.

ನಾನು ಏನನ್ನು ಹುಡುಕುತ್ತಿದ್ದೇನೆ ಎಂದು ಅದಿತಿ ಕೇಳಿದಳು. ನನ್ನ ಗಡ್ಡೆ ಎಂದೆ. "ವೋ ತೋ ಟೀಚರ್ ಅಜ್ಜಿನೇ ಕಚರೇ ಮೇ ಡಾಲ್ ದಿಯಾ," ಎಂದಳು ಅವಳು. ಟೀಚರಜ್ಜಿ ಕಸಕ್ಕೆ ಹಾಕಿದರಂತೆ. ನಾನು ಊರಿಗೆ ಹೋಗಿದ್ದಾಗ. ಮಮ್ಮಿ ಪೇಪರ್ ಹಿಡಿದಿದ್ದಳು, ತಾನು ಇದ್ದಿಲ ಚೂರು ಆರಿಸಿ ಕೊಟ್ಟಳಂತೆ, ಅಜ್ಜಿಗೆ ಹೇಳಿದರೆ ಅಜ್ಜಿ ಅಳುತ್ತಾರೆ ಎಂದು ಮಮ್ಮಿ ಹೇಳಿದ್ದಳು. ಇಷ್ಟನ್ನು ಹೇಳಿ ಅವಳು ನನ್ನ ಮುಖ ನೋಡಿದಳು, ನಾನು ಅಳುತ್ತೇನೋ ಎಂದು. ಅಳಲಿಲ್ಲ. ಅದಿತಿ, ನಿನಗೆ ಅದು ಮರೆತುಹೋಗಿದೆ. ಆರು ವರ್ಷದವಳಿಗೆ ದೊಡ್ಡವರು ಹೇಳಿದ್ದೇ ಸರಿ. ನಿನ್ನ ಮೇಲೆ ನನಗೆ ಎಂದೂ ಬೇಸರವಾಗಿಲ್ಲ.

ಸವಿತಾ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿತ್ತು.

"ಅತ್ತೆ, ಅದರಲ್ಲಿ ಎಂತ ಇರ್ಲಿಲ್ಲ. ನಾಲ್ಕು ಹುಲ್ಲಿನ ಎಳೆಯ ಹಾಗೆ ಎಲೆ ಬಂದಿತ್ತು ಅಷ್ಟೇ. ಮೊಗ್ಗಿಲ್ಲ. ನಾನೇ ಟೀಚರನ್ನು ಕರೆದೆ. ನೀವು ಊರಿಂದ ಬಂದು ಅದನ್ನು ನೋಡಿ ಸಣ್ಣ ಮುಖ ಮಾಡ್ಕೊಂಡು ಕೂತ್ಕೊಳ್ತೀರಿ ಅಂತ. ಒಂದು ವರ್ಷ ಅದರ ಹಿಂದೆ ಓಡಾಡಿದ್ದೀರಿ ಅಲ್ವಾ?"

"ಎಲೆ ಬಂದಿತ್ತಾ?"

"ಬಂದಿತ್ತು."

"ಹಸುರು ಇತ್ತಾ?"

"ಇತ್ತು," ಎಂದಳು.

ಎಲೆ ಹಸುರಾಗಿತ್ತು ಎಂದರೆ ಗಡ್ಡೆ ಬದುಕಿತ್ತು. ನನ್ನ ಬೂದಿ, ನನ್ನ ಅಟ್ಟ, ನನ್ನ ಮಳೆಗಾಲ ಅದನ್ನು ದಾಟಿಸಿತ್ತು. ಆ ವರ್ಷ ಮೈ ತುಂಬಿಕೊಂಡು ಮುಂದಿನ ವರ್ಷ ಹೂ ಬಿಡುತ್ತಿತ್ತೋ, ಜನವರಿಯ ಕೊನೆಗೆ ಮೊಗ್ಗು ಇಣುಕುತ್ತಿತ್ತೋ, ಏನೂ ಬಾರದೆ ಹೋಗುತ್ತಿತ್ತೋ. ಇನ್ನು ತಿಳಿಯುವ ದಾರಿಯೇ ಇಲ್ಲ.

ಡಬ್ಬ ಎತ್ತಿಕೊಂಡು ಕೆಳಗಿಳಿದೆ. ಟೀಚರ್ ಬಾಗಿಲು ತೆರೆದು, ಡಬ್ಬ ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

"ಗಿರಿಜಕ್ಕ, ಒಳಗ ಬರ್ರಿ. ಕುಂಡ್ರಿ. ನಾ ಹೇಳ್ತೇನಿ."

"ಇಲ್ಲೇ ಹೇಳಿ."

"ಮಂಡಳದಾಗ ನಾ ಮೊದಲ ಹೇಳಿಬಿಟ್ಟಿದ್ದೆ, ಈ ಸಲ ಗಿರಿಜಕ್ಕ ಬರ್ತಾರ, ಹೂವು ತೋರಸ್ತಾರ ಅಂತ. ವಿಧವಾ ಹೆಂಗಸನ್ನ ಹಳದಿ-ಕುಂಕುಮಕ್ಕ ಯಾಕ ಕರೀತೀರಿ ಅಂತ ಎಷ್ಟು ಮಂದಿ ಮೂಗು ಮುರದ್ರು ಗೊತ್ತದೇನು ನಿಮಗ? ಬರೇ ಹಂಗ ಕರದ್ರ ಒಪ್ಪತಿದ್ದಿಲ್ಲ. ಒಂದು ನೆಪ ಬೇಕಿತ್ತು. ಹೂವು ಬಂದಿದ್ದಿಲ್ಲ, ನಾ ಏನ ಮಾಡ್ಲಿ? ನಿಮ್ಮ ಸಲುವಾಗಿ ಮಾಡೇನಿ."

"ನನ್ನ ಕೆಲಸಕ್ಕೆ ಕರೆಯುತ್ತೇನೆ ಅಂದಿರಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಹೂವು ಬರೂದಿಲ್ಲ ಅಂತ ನನಗ ಗೊತ್ತಿತ್ತು," ಎಂದರು.

"ಗೊತ್ತಿರಲಿಲ್ಲ ಟೀಚರ್. ನಿಮಗೆ ಹಾಗೆ ಅನಿಸಿತ್ತು. ಗೊತ್ತಾಗುವ ಮೊದಲೇ ಎಸೆದಿರಿ."

ಡಬ್ಬವನ್ನು ಅವರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಮೇಲೆ ಬಂದೆ. ನನ್ನ ಬದುಕಿನಲ್ಲಿ ಒಬ್ಬರ ಎದುರು ನಿಂತು ನಾನು ಆಡಿದ ಅತ್ಯಂತ ದೊಡ್ಡ ಮಾತು ಅದು.

ನನ್ನನ್ನು ಸುಟ್ಟದ್ದು ಹೂವಿನ ವಿಷಯವಲ್ಲ. ನಲವತ್ತು ಮಂದಿಯ ಎದುರು ನಾನು ನಿಂತು ಆಡಿದ್ದು ಸುಳ್ಳಾಯಿತು. ಬಾಯಿ ತೆರೆಯದೆ ಬದುಕಿದವಳ ಬಾಯಿಂದ ಮೊದಲ ಸಲ ಬಂದ ಮಾತೇ ಸುಳ್ಳು. ಅದನ್ನು ನಂಬಿ ಏಳು ಮಂದಿ ಮನೆಯಲ್ಲಿ ಬೂದಿಯ ಪೊಟ್ಟಣ ಬಿಚ್ಚಿದ್ದರು. ಇನ್ನು ಅಕ್ಟೋಬರಿನಿಂದ ಜನವರಿಯವರೆಗೆ ಅವರ ಫ್ರಿಜ್‌ನಲ್ಲೂ ಮಣ್ಣಿನ ಡಬ್ಬ, ಅವರ ಮನೆಯಲ್ಲೂ ಸೇಬು ಹೊರಗೆ. ಮಗನಿಗೆ ಹೇಳಿದೆ. "ಬಿಡಮ್ಮ, ಒಳ್ಳೆ ಮನಸ್ಸಿಂದ ಮಾಡಿದ್ದಾರೆ. ಇದನ್ನು ಹೋಗಿ ಹೇಳಿದರೆ ಅವರ ಮಾನ ಹೋಗ್ತದೆ," ಎಂದ. ಅವನಿಗೂ ಗೊತ್ತಿತ್ತು. ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ಮೂರು ತಿಂಗಳು ಅವರೆಲ್ಲ ನನ್ನ ಸಂತೋಷವನ್ನು ನೋಡುತ್ತಿದ್ದರು, ಮಗುವಿನ ಕೈಗೆ ಸ್ಟಿಯರಿಂಗ್ ಕೊಟ್ಟು ಕಾರನ್ನು ತಾವು ಓಡಿಸುವವರ ಹಾಗೆ.

ಮೇ ತಿಂಗಳ ಮಂಡಳದ ಸಭೆಗೆ ನಾನು ಯಾರೂ ಕರೆಯದೆ ಹೋದೆ. ಹಪ್ಪಳ ಮಾಡುವ ಕುರಿತು ಮಾತು ನಡೆಯುತ್ತಿತ್ತು. ಮುಗಿಯುವವರೆಗೆ ಕಾದು, ಎದ್ದು ನಿಂತು ಹೇಳಿದೆ. ಫೆಬ್ರವರಿಯಲ್ಲಿ ನಾನು ತೋರಿಸಿದ ಹೂ ನನ್ನದಲ್ಲ. ನನ್ನ ಗಡ್ಡೆಯಲ್ಲಿ ಹೂ ಬಂದಿರಲಿಲ್ಲ. ಬೂದಿ, ಅಟ್ಟ, ಇದರಿಂದ ಹೂ ಬರುತ್ತದೆ ಎಂದು ನಾನು ಹೇಳಿದ್ದು ತಪ್ಪು. ಆ ಹೂ ಹೊಸ ಗಡ್ಡೆಯದು. ಯಾರು ಇಟ್ಟರು ಎಂದು ನಾನು ಹೇಳಲಿಲ್ಲ. ಟೀಚರೇ ಹೇಳಲಿ ಎಂದು ಅಷ್ಟನ್ನು ಅವರಿಗೆ ಬಿಟ್ಟೆ.

ಟೀಚರ್ ಎದ್ದರು. ನನ್ನ ಭುಜದ ಮೇಲೆ ಕೈಯಿಟ್ಟರು. "ನೋಡಿ, ಇವರ ಸ್ವಭಾವವೇ ಹೀಗೆ," ಎಂದರು ಮರಾಠಿಯಲ್ಲಿ, ಸಭೆಯ ಕಡೆ ತಿರುಗಿ ನಗುತ್ತ. "ಹೊಗಳಿದರೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ ಇವರಿಗೆ. ಒಂದು ಗಡ್ಡೆ ನಾನು ಕೊಟ್ಟಿದ್ದೆ, ಅದಕ್ಕೆ ಎಲ್ಲವನ್ನೂ ನನ್ನದೇ ಅನ್ನುತ್ತಿದ್ದಾರೆ. ಇಂಥ ವಿನಯ ಈಗ ಎಲ್ಲಿ ಸಿಗುತ್ತದೆ?"

ಎಲ್ಲರೂ ಚಪ್ಪಾಳೆ ತಟ್ಟಿದರು.

ಅದು ಎರಡನೆಯ ಸಲ. ಮೊದಲನೆಯದನ್ನು ನನ್ನ ಬೆನ್ನ ಹಿಂದೆ ಮಾಡಿದ್ದರು. ಇದನ್ನು ನನ್ನ ಭುಜದ ಮೇಲೆ ಕೈಯಿಟ್ಟು ಮಾಡಿದರು. ಮತ್ತೆ ಬಾಯಿ ತೆರೆಯಲು ನನ್ನಿಂದಾಗಲಿಲ್ಲ. ಇದ್ದ ಧೈರ್ಯವೆಲ್ಲ ಆ ನಾಲ್ಕು ವಾಕ್ಯಗಳಿಗೆ ಖರ್ಚಾಗಿತ್ತು.

ಮರುದಿನ ನಲಿನಿ ಮನೆಗೆ ಬಂದಳು. ಅಂದು ನಗಿಸಲು ಬಂದಿರಲಿಲ್ಲ. ಕೈಯಲ್ಲಿ ತನ್ನ ಗಡ್ಡೆಗಳ ಗಂಟು. "ಮಾವಶಿ, ನೀವು ಹೇಳಿದ್ದು ನಿಜ ಅಂತ ನನಗೆ ಗೊತ್ತಾಯಿತು. ವಿನಯದವರು ಹಾಗೆ ಬೆವರುವುದಿಲ್ಲ," ಎಂದಳು. "ಈಗ ಇದನ್ನು ನಾನು ಏನು ಮಾಡಲಿ? ಬೂದಿ ಬಳಿದು ಇಟ್ಟರೆ ಹೂ ಬರುತ್ತದಾ, ಇಲ್ಲವಾ?"

"ನನಗೆ ಗೊತ್ತಿಲ್ಲ ನಲಿನಿ," ಎಂದೆ. ಅದನ್ನು ಹೇಳಿದಾಗ ಮಾತ್ರ ಎದೆ ಸ್ವಲ್ಪ ಹಗುರಾಯಿತು. ಅವಳು ಗಂಟನ್ನು ನನ್ನ ಮುಂದೆ ಇಟ್ಟಳು. ನಾನು ಅದನ್ನು ಅವಳ ಕೈಗೇ ಮರಳಿಸಿದೆ. ಬೇರೆಯವರ ಗಡ್ಡೆಯನ್ನು ಮುಟ್ಟಲು ನನಗೆ ಮನಸ್ಸಿರಲಿಲ್ಲ. ಆ ಮಳೆಗಾಲದಲ್ಲೇ ಅವಳ ಗಂಡನಿಗೆ ನಾಸಿಕಕ್ಕೆ ವರ್ಗವಾಯಿತು. ಉಳಿದ ಆರು ಮಂದಿಯಲ್ಲಿ ಕೆಲವರದು ಕೊಳೆಯಿತು, ಕೆಲವರು ಮರೆತರು. ಹೋಟೆಲಿನವರು ಭಟ್ಟಿ ಒಡೆದು ಗ್ಯಾಸ್ ಹಾಕಿಸಿದರು. ನಾನು ಮತ್ತೆ ಗಡ್ಡೆ ತರಲಿಲ್ಲ.

ಟೀಚರ್ ಮನೆಗೂ ನಮ್ಮ ಮನೆಗೂ ಹಬ್ಬದ ತಿಂಡಿ ಹೋಗಿಬರುತ್ತಿತ್ತು, ನಾವು ನೆರೂಲಿನ ಈ ಮನೆಗೆ ಬರುವವರೆಗೂ. ತಟ್ಟೆ ಖಾಲಿ ಮರಳಿಸಬಾರದೆಂದು ನಾನೂ ಏನಾದರೂ ಹಾಕಿ ಕೊಡುತ್ತಿದ್ದೆ. ಆದರೆ ಅವರು ಬಾಗಿಲು ತಟ್ಟಿ ಒಳಗೆ ಬರತೊಡಗಿದರು. ನಾನು ಅದನ್ನು ಬೇಡವೆನ್ನಲಿಲ್ಲ. ಸವಿತಾ ಒಳ್ಳೆಯವಳು, ನನ್ನನ್ನು ನೋಡಿಕೊಂಡಂತೆ ಸ್ವಂತ ಮಗಳೂ ನೋಡಿಕೊಳ್ಳಲಾರಳು. ಆದರೂ ಅವಳು "ಏನೂ ಆಗಿಲ್ಲ ಅತ್ತೆ" ಎಂದಾಗಲೆಲ್ಲ, ವೈದ್ಯರ ಕಾಗದವನ್ನು ಅವಳಿಲ್ಲದಾಗ ಇನ್ನೊಬ್ಬರಿಂದ ಓದಿಸಿ ನೋಡುತ್ತೇನೆ. ಅದು ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ.

ಏಕೆಂದರೆ, ಅದಿತಿ, ತನ್ವಿ, ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ನಿಮಗೆ ಓದಿ ಹೇಳುವವಳು ನಿಮ್ಮ ಅಮ್ಮನೇ. ಸವಿತಾ, ನಿನಗೆ ಕಷ್ಟವಾಗುವ ಕಡೆಗಳು ಇದರಲ್ಲಿ ಇವೆ, ನನಗೆ ಗೊತ್ತು. ಮಕ್ಕಳು ನನ್ನ ಬಗ್ಗೆ ಹೆಮ್ಮೆಯಿಂದ ಇರಲಿ ಎಂದು ಯಾವ ಸಾಲನ್ನೂ ಬಿಡಬೇಡ, ಯಾವ ಸಾಲನ್ನೂ ಸೇರಿಸಬೇಡ. ಇದು ಹೇಗಿದೆಯೋ ಹಾಗೆ ಓದು. ಇದರಲ್ಲಿ ಇರುವುದು ನಾನೇ ಇಟ್ಟದ್ದು.